ಹೊಸ ಬೇರಿಂಗಿನ ಬಿಗಿ

ಹೊಸ ಬೇರಿಂಗು ಮೊದಮೊದಲು ಬಿಗಿಯಾಗಿಯೇ ಇರುತ್ತದೆ ಎಂದು ಗಿರಾಕಿಗಳಿಗೆ ಹೇಳಿ ಹೇಳಿ ಸೈಕಲ್ ಅಂಗಡಿಯ ಅಕ್ಕನ ಬಾಯಿ ಸವೆದಿತ್ತು. ಎರಡು ಪೆಡಲುಗಳ ನಡುವೆ ಅಚ್ಚು ಕೂರುತ್ತದಲ್ಲ, ಆ ಅಚ್ಚಿನ ಬೇರಿಂಗು. ಹಳೆಯದು ಸವೆದಿದ್ದರೆ ಕೈಯಲ್ಲಿ ಒಮ್ಮೆ ನೂಕಿದರೆ ಸಾಕು, ಪೆಡಲು ಬುಗುರಿಯ ಹಾಗೆ ಸುತ್ತುತ್ತಲೇ ಇರುತ್ತದೆ. ಹೊಸದು ಹಾಕಿದ ಮೇಲೆ ಅರ್ಧ ಸುತ್ತಿಗೇ ನಿಂತುಬಿಡುತ್ತದೆ. ಗಿರಾಕಿಯ ಮುಖ ಅಲ್ಲೇ ಬಾಡುತ್ತದೆ.

“ಅದು ರಬ್ಬರ್ ಸೀಲಿನ ಹಿಡಿತ, ಒಳಗಿನ ಗ್ರೀಸಿನ ಅಂಟು. ಕೈಗೆ ಗೊತ್ತಾಗತ್ತೆ, ಕಾಲಿಗೆ ಗೊತ್ತಾಗಲ್ಲ. ತುಳೀತಾ ತುಳೀತಾ ಹದಕ್ಕೆ ಬರತ್ತೆ, ಹೊಸ ಅಳಿಯ ಇದ್ದ ಹಾಗೆ,” ಎಂದು ಅವಳು ನಗಿಸಿ ಕಳಿಸುತ್ತಿದ್ದಳು.

ಅಂಗಡಿ ಅವಳಿಗೆ ಅಪ್ಪನಿಂದ ಬಂದದ್ದು. ಅದರ ಜೊತೆಗೆ ಒಂದು ಕಟ್ಟಳೆಯೂ ಬಂದಿತ್ತು: ರಿಪೇರಿಯಾದ ಸೈಕಲ್ಲನ್ನು ತಾನೇ ಹತ್ತಿ, ದಿಬ್ಬದ ಮೇಲಿನ ನೀರಿನ ಟ್ಯಾಂಕಿನ ತನಕ ತುಳಿದು ಬರದೆ ಯಾರ ಕೈಗೂ ಕೊಡಕೂಡದು. ಸ್ಟ್ಯಾಂಡಿಗೆ ಏರಿಸಿದ ಸೈಕಲ್ಲು ಸುಳ್ಳು ಹೇಳುತ್ತದೆ, ರಸ್ತೆಗೆ ಇಳಿದದ್ದು ಹೇಳುವುದಿಲ್ಲ ಎನ್ನುತ್ತಿದ್ದ ಅಪ್ಪ. ಆ ಕಟ್ಟಳೆಯನ್ನು ಅವಳು ಮಂಡಿ ನೋವಿದ್ದ ದಿನವೂ ಮುರಿದವಳಲ್ಲ. ಮುರಿದದ್ದು ತಮ್ಮನ ಸೈಕಲ್ಲಿನ ವಿಷಯದಲ್ಲಿ.

ತಮ್ಮ ಲಾಂಡ್ರಿಯವನು. ಒಗೆದ ಹಾಸು ಹೊದಿಕೆಗಳನ್ನು ದೊಡ್ಡ ಬುಟ್ಟಿಯಲ್ಲಿ ತುಂಬಿಕೊಂಡು ದಿಬ್ಬದ ಮೇಲಿನ ವಸತಿಗೃಹಗಳಿಗೂ ಆಸ್ಪತ್ರೆಗೂ ಮುಟ್ಟಿಸುವುದು ಅವನ ಕೆಲಸ. ಅದೇ ಲಾಂಡ್ರಿಯಲ್ಲಿ ಅವನ ಹೆಂಡತಿ ಇಸ್ತ್ರಿಗೆ ನಿಲ್ಲುತ್ತಿದ್ದಳು. ಅಷ್ಟು ಹೊರೆ ಹೊತ್ತೂ ದಿಬ್ಬವನ್ನು ಸಿಳ್ಳೆ ಹಾಕುತ್ತ ಹತ್ತುತ್ತಿದ್ದನೆಂದು ಬೀದಿಯವರು ಅವನನ್ನು ಬಿರುಗಾಳಿ ಎಂದೇ ಕರೆಯುತ್ತಿದ್ದರು.

ಅವನ ಸೈಕಲ್ಲಿನ ಬೇರಿಂಗು ಕಟಕಟ ಅನ್ನತೊಡಗಿತ್ತು. ಅಕ್ಕ ಹೊಸದು ಹಾಕಿದಳು. ಆ ದಿನ ಅವನಿಗೆ ಅವಸರ, ಅವಳು ಹತ್ತಿ ನೋಡುವ ಮೊದಲೇ ಕಸಿದುಕೊಂಡು ಹೋದ. ವಾರ ತುಂಬುವುದರೊಳಗೆ ವಾಪಸು ಬಂದ.

“ಅಕ್ಕಾ, ಇದೇನೇ ಹಾಕಿದೀಯ? ಕೆಸರಲ್ಲಿ ತುಳಿದ ಹಾಗಿದೆ.”

ಎದುರಿನ ಬೀಗ ರಿಪೇರಿಯವನು ಕಟಕಿಯಾಡಲು ಕಾದೇ ಇದ್ದ. “ಕುಣಿಯೋಕೆ ಬಾರದೋನು ನೆಲ ಡೊಂಕು ಅಂದ್ನಂತೆ! ಏನೋ ಬಿರುಗಾಳಿ, ತಂಗಾಳಿ ಆಗ್ಬಿಟ್ಯಾ?”

“ನೀನು ನಿನ್ನ ತುಕ್ಕು ಬೀಗ ನೋಡ್ಕೊಳ್ಳೋ, ಹೆಂಡತಿ ಮನೆಯೊಳಗಿಂದ ಹಾಕಿದ್ದನ್ನೇ ತೆಗೆಯೋಕೆ ಬರಲ್ಲ ನಿಂಗೆ,” ಎಂದ ತಮ್ಮ. ಮೂವರೂ ನಕ್ಕರು. ನಗು ಮುಗಿದ ಮೇಲೂ ತಮ್ಮನ ಏದುಸಿರು ಮುಗಿಯಲಿಲ್ಲ.

ಅಕ್ಕ ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ ಪೆಡಲು ನೂಕಿದಳು. ಅರ್ಧ ಸುತ್ತಿಗೆ ನಿಂತಿತು. “ಹೊಸದಲ್ವೇನೋ, ಬಿಗಿ ಇರತ್ತೆ. ಸ್ವಲ್ಪ ದಿನ ತುಳಿ,” ಎಂದಳು. ಕಾಲಿಗೆ ಗೊತ್ತಾಗಲ್ಲ ಎಂಬ ಮಾತಿನ ಉಳಿದರ್ಧ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಲಿಲ್ಲ.

ಏಕೆಂದರೆ ಅವನು ಬೆಂಚಿನ ಮೇಲೆ ಕೂತು ಶೂ ದಾರ ಸಡಿಲ ಮಾಡಿಕೊಳ್ಳುತ್ತಿದ್ದ. ಹಳೆಯ ಶೂ. ಕಾಲುಚೀಲದ ಅಂಚು ಊದಿದ ಕಣಕಾಲಿನ ಮೇಲೆ ಬಳೆ ತೊಡಿಸಿದ ಹಾಗೆ ಕಚ್ಚಿಕೊಂಡಿತ್ತು. ಅವಳು ನೋಡಿದಳು, ನೋಡಿ ಪೆಡಲಿನ ಕಡೆಗೆ ತಿರುಗಿಕೊಂಡಳು. ಪೆಡಲು ತಾನು ಸರಿಮಾಡಬಲ್ಲ ವಸ್ತು.

ತಿಂಗಳು ಕಳೆಯಿತು. ಬೇರಿಂಗು ಹದಕ್ಕೆ ಬಂದಿರಲೇಬೇಕು. ತಮ್ಮ ಮಾತ್ರ ಅರ್ಧ ದಿಬ್ಬಕ್ಕೇ ಇಳಿದು ತಳ್ಳತೊಡಗಿದ್ದ. ಒಂದು ಮಧ್ಯಾಹ್ನ ಅವನ ಹೆಂಡತಿಯೇ ಅಂಗಡಿಗೆ ಬಂದಳು.

“ಅತ್ತಿಗೆ, ಅವರು ಈಗ ಮಲಗಲ್ಲ. ದಿಂಬು ಒರಗಿಕೊಂಡು ಕೂತೇ ನಿದ್ದೆ ಮಾಡ್ತಾರೆ. ಆಸ್ಪತ್ರೆಗೆ ಹೋಗೋಣ ಅಂದ್ರೆ, ಏನಿಲ್ಲ ಕಣೆ, ಬೇರಿಂಗ್ ಬಿಗಿ, ಅದಕ್ಕೇ ಸುಸ್ತು ಅಂತಾರೆ. ನೀವು ಹೇಳಿದ್ರಂತೆ. ನೀವೊಂದ್ಸಲ ಆ ಸೈಕಲ್ ಓಡಿಸಿ ನೋಡಿ.”

“ನೋಡ್ತೀನಿ ಬಿಡಮ್ಮ,” ಎಂದಳು ಅಕ್ಕ.

ನೋಡಲಿಲ್ಲ. ಬದಲಿಗೆ ಯಾವ ಗಿರಾಕಿ ಅಂಗಲಾಚಿದರೂ ಮಾಡದ ಕೆಲಸವೊಂದನ್ನು ತಮ್ಮನಿಗಾಗಿ ಮಾಡಿದಳು. ಬೇರಿಂಗಿನ ಎರಡೂ ಬದಿಯ ರಬ್ಬರ್ ಸೀಲುಗಳನ್ನು ಸೂಜಿಯ ಮೊನೆಯಿಂದ ಎಬ್ಬಿಸಿ ಎಸೆದಳು. ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಗುಂಡುಗಳಿಗೆ ಹೊಲಿಗೆ ಯಂತ್ರದ ತೆಳು ಎಣ್ಣೆ ಬಿಟ್ಟಳು. ಧೂಳು ನೀರು ಒಳಹೊಕ್ಕು ಬೇರಿಂಗಿನ ಆಯುಸ್ಸು ಮುಗಿಯುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಹೋಗಲಿ, ಬೇರಿಂಗು ತಾನೆ.

ಸಂಜೆ ತಮ್ಮನ ಎದುರಿಗೇ ಪೆಡಲು ನೂಕಿದಳು. ಅದು ಸುತ್ತಿತು, ಸುತ್ತಿತು, ನಿಲ್ಲುವ ಮನಸ್ಸೇ ಮಾಡಲಿಲ್ಲ. ಅವನು ಚಿಕ್ಕ ಹುಡುಗನ ಹಾಗೆ ಚಪ್ಪಾಳೆ ತಟ್ಟಿದ. “ಇದಪ್ಪಾ ನಮ್ಮಕ್ಕ ಅಂದ್ರೆ!” ಖಾಲಿ ಬುಟ್ಟಿಯ ಸೈಕಲ್ಲನ್ನು ಇಳಿಜಾರಿನಲ್ಲಿ ಬಿಟ್ಟುಕೊಂಡು ಸಿಳ್ಳೆ ಹಾಕುತ್ತ ಮನೆಗೆ ಹೋದ. ಅಕ್ಕ ಅಂದು ಹೊಟ್ಟೆ ತುಂಬ ಉಂಡಳು.

ಮಾರನೆಯ ಬೆಳಿಗ್ಗೆ ಬೀಗದವನು ಬೀದಿಯಾಚೆಯಿಂದ ಅವಳನ್ನು ಕೂಗಿದ. ದನಿಯಲ್ಲಿ ಕಟಕಿ ಇರಲಿಲ್ಲ. ತಮ್ಮ ದಿಬ್ಬದ ಬುಡದಲ್ಲೇ ಸೈಕಲ್ಲನ್ನು ಗೋಡೆಗೆ ಒರಗಿಸಿ ತಾನೂ ಒರಗಿದ್ದ. ತುಟಿ ನೀಲಿಗಟ್ಟಿತ್ತು. ಇಬ್ಬರೂ ಸೇರಿ ಅವನನ್ನು ಅಂಗಡಿಯ ಬೆಂಚಿಗೆ ತಂದು ಕೂರಿಸಿದರು.

“ಇನ್ನೂ ಬಿಗಿ ಇದೆ ಅಕ್ಕಾ,” ಎಂದ ಅವನು.

ಆಗ ಅವಳು ಸೀರೆಯ ಸೆರಗು ಸಿಕ್ಕಿಸಿಕೊಂಡು, ಬುಟ್ಟಿ ತುಂಬ ಬಟ್ಟೆ ಇದ್ದ ಆ ಸೈಕಲ್ಲನ್ನು ಹತ್ತಿದಳು. ದಿಬ್ಬದ ಕಡೆ ತಿರುಗಿಸಿದಳು. ಎಲ್ಲಾದರೂ ಹಿಡಿಯಲಿ, ಎಲ್ಲಾದರೂ ಎಳೆಯಲಿ ಎಂದು ಒಂದೊಂದು ಸುತ್ತಿಗೂ ಬೇಡಿಕೊಳ್ಳುತ್ತ ತುಳಿದಳು. ಸೈಕಲ್ಲು ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹೋಯಿತು. ನರೆತ ತಲೆಯವಳು, ಮಂಡಿ ನೋವಿನವಳು, ಆ ಹೊರೆ ಹೊತ್ತು ನೀರಿನ ಟ್ಯಾಂಕನ್ನು ಇಳಿಯದೇ ಮುಟ್ಟಿದಳು. ಟ್ಯಾಂಕಿನ ನೆರಳಲ್ಲಿ ನಿಂತು ಅತ್ತಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದಾಗಿತ್ತು.

ಅವಳು ಇಳಿದು ಬರುವುದನ್ನು ತಮ್ಮ ನೋಡುತ್ತಲೇ ಇದ್ದ.

“ಹೇಗಿದೆ?”

“ಸೈಕಲ್ ಸರಿಯಾಗಿದೆ ಕಣೋ.”

ಅವನು ತಲೆ ತಗ್ಗಿಸಿದ. “ಗೊತ್ತಿತ್ತು,” ಎಂದ. “ವಾಪಸು ತಂದಾಗ್ಲೂ ನೀನು ಹತ್ತಲಿಲ್ಲವಲ್ಲ, ಆವಾಗ್ಲೇ ಗೊತ್ತಾಯ್ತು. ನೀನೂ ಹೆದರಿದೀಯ ಅಂತ.”

ಆಸ್ಪತ್ರೆಯಲ್ಲಿ ಅವನ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿ, ಬಿದ್ದ ಕುಳಿ ಹಾಗೇ ಉಳಿದದ್ದನ್ನು ನೋಡಿ, ಹೃದಯ ಊದಿಕೊಂಡು ಸೋತಿದೆ, ಕಾಲಿಗೆ ನೀರು ಇಳಿದಿದೆ ಎಂದರು. ವೈದ್ಯರು ಎಳೆಯ ವಯಸ್ಸಿನವರು, ಮೃದುವಾಗಿಯೇ ಕೇಳಿದರು: “ಯಾವಾಗಿಂದ ಹೀಗೆ? ಮೊದಲೇ ಕರ್ಕೊಂಡು ಬಂದಿದ್ರೆ...” ತಮ್ಮನ ಹೆಂಡತಿ ಅತ್ತಿಗೆಯ ಮುಖ ನೋಡಿದಳು. ಅಕ್ಕ ಬಾಯಿ ತೆರೆಯುವ ಮೊದಲೇ ಹಾಸಿಗೆಯಿಂದ ತಮ್ಮ ಹೇಳಿದ, “ಮೊನ್ನೆ ಮೊನ್ನೆಯಿಂದ ಸಾರ್.” ಆಮೇಲೆ ಹಾಸಿನ ಅಂಚನ್ನು ಬೆರಳಲ್ಲಿ ಹಿಡಿದು ನೋಡಿ, “ಇದು ನಮ್ಮ ಲಾಂಡ್ರೀದೇ ಕಣೆ. ನಾನೇ ತಂದಿದ್ದು. ಇಸ್ತ್ರಿ ಸರಿಯಿಲ್ಲ,” ಎಂದು ಹೆಂಡತಿಯನ್ನು ಛೇಡಿಸಿದ. ಅವಳು ನಗಲು ಹೋಗಿ ಹಾಸನ್ನೇ ಬಾಯಿಗೆ ಒತ್ತಿಕೊಂಡಳು.

ಮಳೆಗಾಲ ಮುಗಿಯುವ ಮುಂಚೆ ಅವನು ಹೋದ.

ಅವನ ಕೆಲಸವನ್ನು ಲಾಂಡ್ರಿಯವರು ಅವನ ಹೆಂಡತಿಗೆ ಕೊಟ್ಟರು. ಸೈಕಲ್ಲು ಅಂಗಡಿಯ ಹೊರಗೆ ನೆನೆದು ನಿಂತಿತ್ತು. ಸೀಲಿಲ್ಲದ ಬೇರಿಂಗಿನೊಳಕ್ಕೆ ನೀರು ಹೊಕ್ಕು, ಪೆಡಲು ತುಳಿದರೆ ಹಲ್ಲು ಕಡಿದ ಸದ್ದು ಬರುತ್ತಿತ್ತು. ಅಕ್ಕ ಅದನ್ನು ಬಿಚ್ಚಿ ಎಸೆದು ಹೊಸದು ಹಾಕಿದಳು. ಸೀಲುಗಳ ಮೇಲೆ ಹೆಬ್ಬೆರಳಾಡಿಸಿ, ಎರಡೂ ನೆಟ್ಟಗೆ ಕೂತಿವೆಯೆಂದು ನೋಡಿದಳು. ತಾನೇ ಹತ್ತಿ ಟ್ಯಾಂಕಿನ ತನಕ ಹೋಗಿ ಬಂದು ಆಮೇಲೆ ಹ್ಯಾಂಡಲ್ಲನ್ನು ತಮ್ಮನ ಹೆಂಡತಿಯ ಕೈಗೆ ಕೊಟ್ಟಳು. ಇಬ್ಬರ ನಡುವೆ ಮಾತು ಕಡಿಮೆಯಾಗಿತ್ತು.

ಎರಡು ದಿನ ಬಿಟ್ಟು ಅವಳು ಬಂದು ಸೈಕಲ್ ನಿಲ್ಲಿಸಿದಳು. ಕಣ್ಣು ನೆಲದ ಮೇಲಿತ್ತು.

“ಅತ್ತಿಗೆ, ಸ್ವಲ್ಪ ಬಿಗಿ ಅನ್ಸತ್ತೆ.”

ಅಕ್ಕ ಸ್ಪ್ಯಾನರ್ ಕೆಳಗಿಟ್ಟಳು. ಅವಳು ಸೈಕಲ್ಲಿನ ಕಡೆ ನೋಡಲಿಲ್ಲ. ಎದ್ದು ಬಂದು ತಮ್ಮನ ಹೆಂಡತಿಯನ್ನು ಬೆಂಚಿನ ಮೇಲೆ ಕೂರಿಸಿ, ನೆಲದಲ್ಲಿ ಕುಕ್ಕರಿಸಿ, ಅವಳ ಚಪ್ಪಲಿ ಬಿಚ್ಚಿ ಕಣಕಾಲನ್ನು ಗ್ರೀಸು ಮೆತ್ತಿದ ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಕುಳಿ ಬೀಳಲಿಲ್ಲ. ಇನ್ನೊಂದು ಕಾಲನ್ನೂ ಒತ್ತಿದಳು. ಹೆಬ್ಬೆರಳನ್ನು ಎಷ್ಟು ಹೊತ್ತಾದರೂ ತೆಗೆಯಲಿಲ್ಲ.

“ಏನಿಲ್ಲ ಅತ್ತಿಗೆ,” ಎಂದಳು ಅವಳು ಕೊನೆಗೆ. “ಹೊಸದಲ್ವಾ.”