ಧಣಿಯನ್ನು ಬೇಯಿಸಿದ ದಿನ

ಬಹಳ ವರ್ಷಗಳ ಹಿಂದೆ, ಒಂದು ಬಿಳಿ ಕೋಟು ಇಸ್ತ್ರಿಯಾಗುವಷ್ಟು ಹೊತ್ತು, ಇಸ್ತ್ರಿಯಕ್ಕ ಲಾಂಡ್ರಿಯ ಧಣಿಯನ್ನು ಹದವಾಗಿ ಬೇಯಿಸಿದ್ದಳು. ಇಂದಿಗೂ ಆ ಕಥೆಯನ್ನು ಬಾಯಿ ಚಪ್ಪರಿಸಿಯೇ ಹೇಳುತ್ತಾಳೆ.

ಲಾಂಡ್ರಿಯ ಕಿಟಕಿಯಿಲ್ಲದ ಇಸ್ತ್ರಿ ಕೋಣೆಯ ಒಂದೇ ಫ್ಯಾನು ಧಣಿ ಬಂದಾಗ ಮಾತ್ರ ತಿರುಗುತ್ತಿತ್ತು. "ಆಹಾ, ಎಷ್ಟು ತಂಪಾಗಿದೆ! ಏನಾದ್ರೂ ತೊಂದ್ರೆ ಇದೆಯೇನ್ರಮ್ಮಾ?" ಎಂದು ಅವನು ಕೇಳುವನು. ಅವನ ಬೆನ್ನ ಹಿಂದೆ ಮೇಸ್ತ್ರಿ ಹಲ್ಲು ಕಡಿಯುವನು. "ಇಲ್ಲಾ ಧಣೀ" ಎಂದು ಹೆಂಗಸರು ರಾಗ ಎಳೆಯುವರು. ಕಾರು ಗೇಟು ದಾಟಿತೆಂದರೆ ಫ್ಯಾನು ಬಂದ್.

ಒಮ್ಮೆ, ಅಲ್ಲೇ ದುಡಿಯುತ್ತಿದ್ದ ಇಸ್ತ್ರಿಯಕ್ಕನ ತಂಗಿ ಸೆಕೆಗೆ ಬವಳಿ ಬಂದು ಕಾದ ಇಸ್ತ್ರಿಪೆಟ್ಟಿಗೆಯ ಮೇಲೆಯೇ ಬಿದ್ದಳು. ತೋಳಿನ ಚರ್ಮ ಸುಲಿದುಬಂತು. ಮೇಸ್ತ್ರಿಯ ಕಣ್ಣಿಗೆ ಬಿದ್ದದ್ದು ಅಂಗಿ.

"ಗಿರಾಕಿ ಅಂಗಿ ಸುಟ್ಟೆಯಲ್ಲೇ, ದರಿದ್ರ ಮುಂಡೇದೇ!"

ಧಣಿ ಮತ್ತೆ ಬಂದ ದಿನ ಮೇಸ್ತ್ರಿ ಸ್ವಿಚ್ಚು ಒತ್ತಿದ, ಫ್ಯಾನು ಮಿಸುಕಲಿಲ್ಲ. ಅದರ ಫ್ಯೂಸು ಇಸ್ತ್ರಿಯಕ್ಕನ ಸೊಂಟದಲ್ಲಿತ್ತು. ಬೇರೆಯದನ್ನು ತರಲು ಮೇಸ್ತ್ರಿ ಹೊರಗೋಡಿದ.

"ಕೋಟು ಮುದುರಿದೆ ಧಣೀ, ಕೊಡಿ, ಚಿಟಿಕೆ ಹೊಡೆಯೋದ್ರಲ್ಲಿ ಆಗುತ್ತೆ" ಎಂದವಳೇ ಕೋಟನ್ನು ಮೇಜಿಗೆ ಹಾಸಿ, ಬಾಗಿಲಿನ ಅಗುಳಿ ಜಡಿದಳು.

"ಬಾಗಿಲು ಯಾಕಮ್ಮಾ?"

"ಬಿಳಿಬಟ್ಟೆ ಮೇಜಿನ ಮೇಲಿದ್ದಾಗ ತೆಗೀಬಾರ್ದು, ಬಾಯ್ಲರಿನ ಮಸಿ ಕೂರುತ್ತೆ. ನಿಮ್ದೇ ಕಾನೂನು ಧಣೀ."

ಆ ಕೋಟನ್ನು ಅವಳು ಮದುವಣಗಿತ್ತಿಯ ಜಡೆ ಹೆಣೆದಂತೆ ನಿಧಾನವಾಗಿ ತೀಡಿದಳು. ಒಂದು ತೋಳು ಮುಗಿಯುವಷ್ಟರಲ್ಲಿ ಧಣಿಯ ಅಂಗಿ ಬೆನ್ನಿಗಂಟಿತು. ಇನ್ನೊಂದು ಮುಗಿಯುವಷ್ಟರಲ್ಲಿ ಅವನು ಗೋಡೆ ಹಿಡಿದ.

"ತೆಗಿಯೇ ಬೋಸುಡಿ!" ಮೇಸ್ತ್ರಿ ಬಾಗಿಲು ಗುದ್ದಿದ.

"ಯಾವಾಗ್ಲೂ... ಹಿಂಗೇನಾ?" ಧಣಿ ಏದುಸಿರು ಬಿಟ್ಟ.

"ನೀವು ಬಂದ್ರೆ ಗಾಳಿ, ಹೋದ್ರೆ ಬೆಂಕಿ. ಈಗ ನಿಮ್ಮ ಬೆನ್ನ ಹಿಂದೆ ಯಾರೂ ಇಲ್ಲ. ಕೇಳಿ ಧಣೀ, ತೊಂದ್ರೆ ಇದೆಯಾ ಅಂತ."

ಅವನು ಕೇಳಿದ. ತಂಗಿ ಸುಟ್ಟ ತೋಳನ್ನು ಮುಂದೆ ಚಾಚಿದಳು. ಮರುದಿನದಿಂದ ಫ್ಯಾನು ಬೆಳಗಿನಿಂದ ಸಂಜೆಯವರೆಗೂ ತಿರುಗಿತು.

ಆ ಧಣಿ ಸತ್ತ. ಈಗ ಮಗನದೇ ಕಾರುಬಾರು, ಮೇಸ್ತ್ರಿಯೂ ಹೊಸಬ. ಫ್ಯಾನು ಮಾತ್ರ ಹಳೆಯ ಚಾಳಿಗೆ ಮರಳಿದೆ. ಇಸ್ತ್ರಿಯಕ್ಕನ ಮೇಜಿನ ಮುಂದೆ ಇಂದು ಅವಳ ಸೊಸೆ ನಿಲ್ಲುತ್ತಾಳೆ, ತುಂಬಿದ ಬಸುರಿ. ನಾಳೆ ಚಿಕ್ಕಧಣಿ ಬರುತ್ತಾನಂತೆ.

ಸೊಸೆ ಸೆರಗಿನಿಂದ ಕತ್ತು ಒರೆಸಿಕೊಂಡು ಹತ್ತಿರ ಸರಿದಳು.

"ಅತ್ತೇ, ಆ ಫ್ಯೂಸು ಕಿತ್ತಿದ್ದು ಹೆಂಗೆ ಅಂದ್ರಿ? ಮೊದಲಿಂದ ಇನ್ನೊಂದ್ಸಲ ಹೇಳಿ. ನಿಧಾನಕ್ಕೆ."