ಕ್ಷೌರದಂಗಡಿಯ ಒಂಟಿ ಸ್ಪೀಕರ್

ಬೆಳಗ್ಗೆ ಅಕ್ಕ ಫೋನ್ ಮಾಡಿದಾಗಿನಿಂದ ಕ್ಷೌರಿಕನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಒರೆಸಿದ ಕನ್ನಡಿಯನ್ನೇ ಮತ್ತೆ ಒರೆಸಿದ. ಬಾಚಣಿಗೆಗಳನ್ನು ತೊಳೆದು, ತೊಳೆದದ್ದು ಮರೆತು, ಮತ್ತೆ ತೊಳೆದ. ಅಪ್ಪ ಸತ್ತ ವರ್ಷ ಮುಖ ತಿರುಗಿಸಿಕೊಂಡು ಹೋದವಳು ಇಷ್ಟು ಕಾಲದ ಮೇಲೆ ಆಡಿದ್ದು ಎರಡೇ ಮಾತು: "ಊರು ಬಿಡ್ತಿದೀನಿ. ದಾರೀಲಿ ಆ ಸ್ಪೀಕರ್ ಕೊಟ್ಟು ಹೋಗ್ತೀನಿ."

ಇವತ್ತು ಬಾಯಿ ಬಿಡದಿದ್ದರೆ ಇನ್ನು ಅವಳು ಸಿಗುವುದಿಲ್ಲ. ಆದರೆ ಬಿಡುವುದು ಹೇಗೆ? ಗಿರಾಕಿಗಳ ತಲೆ ತಿನ್ನುವುದರಲ್ಲಿ ಎತ್ತಿದ ಕೈಯಾದ ಈ ಮಹಾಶಯನಿಗೆ ಅಕ್ಕನ ಮುಂದೆ ಮಾತ್ರ ನಾಲಿಗೆ ಹೊರಳುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಅಪ್ಪನ ಪಕ್ಕ ಕೂತವಳು ಅವಳು; ಅಂಗಡಿ ಅಂಗಡಿ ಎನ್ನುತ್ತ ತಪ್ಪಿಸಿಕೊಂಡವನು ಇವನು. ಮನೆ ಸಾಮಾನು ಹಂಚುವಾಗ ಅವಳು ಅದನ್ನು ಮುಖಕ್ಕೆ ಹೊಡೆದಂತೆ ಹೇಳಿದಳು. ಇವನು ಸಿಟ್ಟಿಗೆ ಅವಳ ಪ್ರಾಣವಾಗಿದ್ದ ರೆಕಾರ್ಡನ್ನೇ ಪ್ಲೇಯರ್ ಸಮೇತ ಎತ್ತಿಟ್ಟುಕೊಂಡ. ಎಪ್ಪತ್ತರ ದಶಕದ ಹಾರ್ಡ್ ರಾಕ್, ಮೂಲೆ ಸವೆದ ಕಪ್ಪು ಕವರು. ಅವಳು ಬಲಗಡೆಯ ಸ್ಪೀಕರಿನ ವೈರು ಕಿತ್ತು, ಅದನ್ನು ಸೊಂಟಕ್ಕೇರಿಸಿಕೊಂಡು ನಡೆದಳು.

ಆಗ ಇವನ ಕಿವಿಗೆ ಆ ರೆಕಾರ್ಡು ಬರೀ ಗಲಾಟೆ. ಹಟಕ್ಕೆ ಉಳಿದೊಂದು ಸ್ಪೀಕರಿನಲ್ಲೇ ಅಂಗಡಿಯಲ್ಲಿ ಹಾಕತೊಡಗಿದವನು ಹಾಕುತ್ತ ಹಾಕುತ್ತ ಅದರ ಹುಚ್ಚು ಹಿಡಿಸಿಕೊಂಡ. ಅದರಲ್ಲೂ ಮೂರನೆಯ ಹಾಡು. ನಡುವೆ ಡ್ರಮ್ಮು, ಹಾಡುವವನ ದನಿ ಎಲ್ಲ ನಿಂತು ಗಿಟಾರ್ ಒಂದು ಸಾಲು ಅರಚುತ್ತದೆ, ಆಮೇಲೆ ನಿಶ್ಶಬ್ದ. ಮತ್ತೊಂದು ಸಾಲು, ಮತ್ತೆ ನಿಶ್ಶಬ್ದ. ಅಲ್ಲಿ ಇವನ ಕತ್ತರಿಯೂ ಗಾಳಿಯಲ್ಲೇ ನಿಲ್ಲುತ್ತಿತ್ತು.

"ಕೇಳಿಸ್ತಾ? ಬಾರಿಸೋದು ಯಾರಿಗಾದ್ರೂ ಬರತ್ತೆ. ಹೀಗೆ ಸುಮ್ನಿರೋಕೆ ಎಂಟೆದೆ ಬೇಕು ಸ್ವಾಮಿ!" ಎನ್ನುತ್ತಿದ್ದ ಗಿರಾಕಿಗಳಿಗೆ.

ಬಾಯಿ ಮುಚ್ಚದ ಇವನಿಗೆ ಬೀದಿಯವರು 'ಮೌನಿ' ಎಂದೇ ಹೆಸರಿಟ್ಟರು.

ಸಾಮಾನು ಹೇರಿದ ಲಾರಿ ಬಂದು ನಿಂತಾಗ ಮೌನಿ ಮೇಷ್ಟ್ರೊಬ್ಬರ ಅರ್ಧ ಗಡ್ಡ ಹೆರೆದಿದ್ದ. ಅಕ್ಕನ ತಲೆ ಪೂರ್ತಿ ಬೆಳ್ಳಗಾಗಿತ್ತು. ಅವಳು ಸ್ಪೀಕರನ್ನು ಬಲಗಡೆ ಇಟ್ಟು, ತಾನೇ ಬಗ್ಗಿ ವೈರು ಸಿಕ್ಕಿಸಿದಳು. ಮೌನಿ ಮೂರನೆಯ ಹಾಡು ಹಾಕಿದ.

ಎಡಗಡೆ ಗಿಟಾರ್ ಒಂದು ಸಾಲು ಅರಚಿ ನಿಂತಿತು. ಬಲಗಡೆಯಿಂದ ಇನ್ನೊಂದು ಗಿಟಾರ್, ತಗ್ಗಿದ ದನಿಯಲ್ಲಿ, ಯಾವ ಅವಸರವೂ ಇಲ್ಲದೆ ಅದಕ್ಕೆ ಉತ್ತರ ಕೊಟ್ಟಿತು.

"ಏನಯ್ಯಾ, ನಿನ್ನ ಮೌನಕ್ಕೂ ಬಾಯಿ ಬಂತಲ್ಲ!" ಎಂದು ಮೇಷ್ಟ್ರು ನೊರೆ ಹಾರುವಂತೆ ನಕ್ಕರು.

ಮೌನಿಯ ಕಿವಿ ಕೆಂಪಾದವು. ನಾಚಿಕೆಗಿಂತ ಹೆಚ್ಚು ಸಂಕಟವಾದದ್ದು ಆ ಉತ್ತರ ಅಷ್ಟು ಚೆನ್ನಾಗಿದ್ದುದಕ್ಕೆ. ಎಡಗಡೆಯದು ಅರಚುತ್ತಿಲ್ಲ, ಕರೆಯುತ್ತಿದೆ ಎಂದು ಅವನಿಗೆ ಈಗ ತಿಳಿಯಿತು.

"ಅರ್ಧಾನೇ ಕೇಳ್ಲಿ ಅಂತಾನೇ ಕಿತ್ಕೊಂಡು ಹೋಗಿದ್ದೆ," ಎಂದಳು ಅಕ್ಕ. "ನೀನು ಅದನ್ನೇ ಪೂರ್ತಿ ಅಂದ್ಕೊಂಡ್ಯಾ?"

"ಮತ್ತೆ ನೀನು? ರೆಕಾರ್ಡೇ ಇಲ್ದೆ?"

"ನಂಗೆ ಬಾಯಿಪಾಠ. ಪಾತ್ರೆ ತೊಳೀವಾಗ ಎರಡೂ ನಾನೇ ಹೇಳ್ಕೋತೀನಿ."

ಹಾಡು ಮುಗಿಯಿತು. ಮೌನಿ ಕತ್ತಿಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

"ಅಕ್ಕಾ, ಅವತ್ತು ನಾನು ಆಸ್ಪತ್ರೆಗೆ ಬರಬೇಕಿತ್ತು."

"ಬರಬೇಕಿತ್ತು," ಎಂದಳು ಅವಳು. ಹೋಗಲಿ ಬಿಡು ಎನ್ನಲಿಲ್ಲ. "ಅಪ್ಪ ಕೊನೇ ದಿನದವರೆಗೂ ಬಾಗಿಲು ನೋಡ್ತಿದ್ರು."

ಹೊರಗೆ ಲಾರಿಯವನು ಹಾರ್ನ್ ಹೊಡೆದ. ಮೌನಿ ರೆಕಾರ್ಡನ್ನು ಕವರಿಗೆ ಸೇರಿಸಿ ಅವಳಿಗೆ ಕೊಡಲು ಹೋದ. ಅವಳು ಖಾಲಿ ಕುರ್ಚಿಯಲ್ಲಿ ಕೂತುಬಿಟ್ಟಳು.

"ಹೊಡ್ಕೊಳ್ಲಿ ಬಿಡು. ಇನ್ನೊಂದ್ಸಲ ಹಾಕು."

ಅವನು ಅವಳನ್ನೇ ನೋಡುತ್ತ ಇಳಿಸಿದ ಪ್ಲೇಯರಿನ ಮುಳ್ಳು ಬೇರೆ ಯಾವುದೋ ಹಾಡಿನ ಮೇಲೆ ಬಿತ್ತು. ಇಬ್ಬರೂ ಅದನ್ನೇ ಕೇಳುತ್ತ ಕೂತರು.