ಅಕ್ಕನ ಹಸಿರು ಪಟ್ಟಿ

ಮತ್ತೆ ಹತ್ತರಲ್ಲಿ ಮೂರು, ಹಸಿರು, ಆಫೀಸಿನ ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಅಕ್ಕನ ನೋವಿನ ಪಟ್ಟಿ ಬೆಳಿಗ್ಗೆಯಿಂದ ಅಲ್ಲಾಡಿಲ್ಲ, ಪಕ್ಕದ ಮೇಜಿನಲ್ಲಿ ಯಾರೋ ಕೀಲಿಮಣೆ ಕುಟ್ಟುತ್ತಿದ್ದಾರೆ, ಟಕಟಕ, ಅಕ್ಕನ ಹೊಲಿಗೆ ಯಂತ್ರದ ಹಾಗೆಯೇ, ಆ ಸದ್ದಿನಲ್ಲೇ ನಾನು ಓದಿದ್ದು, ನಿದ್ದೆ ಹೋದದ್ದು, ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ್ದು ಆ ಯಂತ್ರವೇ — ಅಲ್ಲ, ಅಕ್ಕ, ಆದರೆ ಅವರಿಬ್ಬರನ್ನೂ ಬೇರೆ ಮಾಡಿ ನೋಡಿದವಳಲ್ಲ ನಾನು — ಈಗ ಯಂತ್ರದ ಮೇಲೆ ಔಷಧಿ ಬಾಟಲಿಗಳು, ಅಕ್ಕ ಮಂಚದ ಮೇಲೆ, ಮೂಳೆಗೆ ಇಳಿದ ಕಾಯಿಲೆ, ಆದರೂ ಮೂರು. ಮೂರೇ ಆಗಿದ್ದರೆ ಟೇಪಿನ ಮೇಲೆ ಹಲ್ಲಿನ ಗುರುತು ಯಾಕೆ? ಇವತ್ತು ಬೆಳಿಗ್ಗೆ ಮನೆಯಲ್ಲಿ ಹಾಸಿಗೆ ಕೊಡವುವಾಗ ದಿಂಬಿನಡಿಯಿಂದ ಬಿತ್ತು, ಅವಳ ಅಳತೆಯ ಟೇಪು, ಹಳದಿ ಟೇಪು, ತುದಿ ಮಡಿಸಿ ಕಚ್ಚಿದ್ದು, ಅಂಕಿಗಳೇ ಅಳಿಸಿ ಹೋಗುವಷ್ಟು ಕಚ್ಚಿದ್ದು. ಇದೇನಕ್ಕ ಅಂದರೆ, ಇಲಿ ಕಡಿದಿರಬೇಕು ಕಣೆ, ಅಂತ ನಗುತ್ತಾಳೆ.

ಆ ಪಟ್ಟಿಯ ವೆಬ್ ಪುಟ ಮಾಡಿ ಅಕ್ಕನ ಫೋನಿಗೆ ಹಾಕಿಕೊಟ್ಟವಳು ನಾನೇ, ದೊಡ್ಡ ಜಾಣೆ, ನೋವು ಎಷ್ಟಿದೆಯೋ ಅಷ್ಟಕ್ಕೆ ಬೆರಳಲ್ಲಿ ಎಳೆಯಕ್ಕ, ಡಾಕ್ಟ್ರೂ ನೋಡ್ತಾರೆ, ನಾನೂ ಆಫೀಸಿಂದ ನೋಡ್ತೀನಿ — ಕೋಡಿನಲ್ಲಿ ಮಿನ್ ಸೊನ್ನೆ, ಮ್ಯಾಕ್ಸ್ ಹತ್ತು, ಲೋ ಮೂರು, ಹೈ ಏಳು, ಆಪ್ಟಿಮಮ್ ಸೊನ್ನೆ, ಅಂದರೆ ಕಡಿಮೆಯಿದ್ದಷ್ಟೂ ಒಳ್ಳೆಯದು ಅಂತ ಬ್ರೌಸರಿಗೆ ಹೇಳಿದ ಹಾಗೆ, ಲೋ ಅನ್ನೋ ಗಡಿಯವರೆಗೆ ಹಸಿರು, ಹೈವರೆಗೆ ಹಳದಿ, ಅದರ ಮೇಲೆ ಕೆಂಪು. ಓ, ಹೊಲಿಗೆ ಅಳತೆ ಥರಾನೇ, ಅಂದಿದ್ದಳು ಅಕ್ಕ. ಅದೇ ವಾರ ಒಮ್ಮೆ ಕೆಂಪಾಯಿತು, ನಾನು ಮೀಟಿಂಗು ಬಿಟ್ಟು ಎದ್ದೆನೋ ಬಿದ್ದೆನೋ ಅಂತ ಮನೆಗೆ ಓಡಿದೆ, ಮ್ಯಾನೇಜರ್ ಮುಖ ಗಂಟಿಕ್ಕಿಕೊಂಡರು, ಅಕ್ಕ ಅಂದಳು, ಹೀಗೆ ಓಡಿ ಬಂದ್ರೆ ನಿನ್ನ ಕೆಲಸ ಉಳಿಯುತ್ತಾ ಕಣೆ? ಅವತ್ತಿನಿಂದ ಮೂರು. ಇವತ್ತು ಡಾಕ್ಟರು ಫೋನಿನಲ್ಲಿ, ಮೂರು ಅಂತಿದೆಯಲ್ಲಮ್ಮ, ಔಷಧಿ ಈಗಿರೋವಷ್ಟೇ ಸಾಕು. ಸಾಕಂತೆ. ಟೇಪಿನ ವಿಷಯ ಹೇಳಿದೆ, ನಿಮ್ಮಕ್ಕನನ್ನೇ ಕೇಳ್ತೀನಿ ತಡೀರಿ ಅಂದರು, ಕೇಳಿದರೆ ಅವಳು ಇನ್ನೇನು ಹೇಳಿಯಾಳು, ಆರಾಮಾಗಿದ್ದೀನಿ ಡಾಕ್ಟ್ರೇ.

ಹಟಮಾರಿ. ಸರಿ, ನಾನೂ ಅವಳ ತಂಗಿಯೇ, ಲೋ ಎರಡು ಮಾಡುತ್ತೇನೆ, ಈಗ ನಿನ್ನ ಮೂರು ಹಳದಿ, ಡಾಕ್ಟರ ಕಣ್ಣಿಗೂ ಬೀಳಲಿ — ಹಳದಿಯಾಯಿತು, ಅಬ್ಬಾ, ಆ ಟೇಪಿನದೇ ಹಳದಿ — ಅಯ್ಯೋ, ಪಟ್ಟಿ ಸರಿಯಿತು, ಎರಡು, ಹಸಿರು. ಎಚ್ಚರವಾಗಿದ್ದಾಳೆ, ಮನೆಯಲ್ಲಿ ಮಲಗಿಕೊಂಡು ಫೋನಿನಲ್ಲಿ ಇದನ್ನೇ ನೋಡುತ್ತಿದ್ದಾಳೆ, ನನ್ನ ಹಾಗೆಯೇ, ಬೆರಳಲ್ಲಿ ಎಳೆದು ಇಳಿಸುತ್ತಿದ್ದಾಳೆ. ಲೋ ಒಂದು. ಹಳದಿ. ಬೇಡಕ್ಕ, ಮುಟ್ಟಬೇಡ, ಇರಲಿ ಬಿಡು — ಒಂದು, ಹಸಿರು. ನನ್ನ ಫ್ರಾಕಿಗೆಲ್ಲ ಒಳಗೆ ಬಟ್ಟೆ ಮಡಿಸಿ ಹೊಲಿಯುತ್ತಿದ್ದಳು, ಬೆಳೆಯೋ ಹುಡುಗಿ, ಬೇಕಾದಾಗ ಬಿಚ್ಚಿದರಾಯ್ತು, ಅನ್ನುತ್ತಿದ್ದಳು, ನನಗೆ ಬಿಚ್ಚುತ್ತಲೇ ಹೋದಳು, ತನ್ನದನ್ನೆಲ್ಲ ಒಳಗೆ ಮಡಿಸುತ್ತಲೇ ಹೋದಳು, ಲೋ ಅರ್ಧ, ಈಗ ಎಲ್ಲಿಗೆ ಹೋಗುತ್ತೀ, ಇನ್ನು ಜಾಗವೇ ಇಲ್ಲ, ನೋಯುತ್ತಿದೆ ಅಂತ ಒಂದೇ ಒಂದು ಸಲ ಹೇಳೇ — ಹಳದಿ, ಚೂರೇ ಚೂರು ಹಳದಿ, ನಿಂತಿದೆ, ಇನ್ನೂ ನಿಂತಿದೆ — ಸರಿಯಿತು. ಸೊನ್ನೆ. ನೋವೇ ಇಲ್ಲವಂತೆ. ಬಣ್ಣವೇ ಇಲ್ಲ, ಖಾಲಿ ಪಟ್ಟಿ, ಖಾಲಿ, ಮತ್ತು ಟೇಪು, ಹಲ್ಲಿನ ಗುರುತು, ಹಳದಿ ಟೇಪಿನ ಮೇಲೆ ಅಕ್ಕನ ಹಲ್ಲಿನ ಗುರುತು.